ನೆಲ ನಮ್ಮದು, ಪಹಣಿ ಕನ್ನಡದ್ದು, ಕಮಿಷನ್ ಯಾರದ್ದು?



ಮೂರು ತಿಂಗಳಿಗೊಮ್ಮೆ ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ. ‘ಆಫೀಸ್ ಜಾಗ ಬಾಡಿಗೆಗೆ ಹೋಗುವುದರಲ್ಲಿ ಬೆಂಗಳೂರೇ ದೇಶಕ್ಕೆ ಮೊದಲು!’ ನೀನೂ ಓದಿರುತ್ತೀಯ. ಹೆಮ್ಮೆಯಿಂದ ನಾಲ್ಕು ಜನಕ್ಕೆ ಹೇಳಿಯೂ ಇರುತ್ತೀಯ. 2024ರ ಒಂದೇ ವರ್ಷದಲ್ಲಿ ಈ ಊರಿನಲ್ಲಿ ಬಾಡಿಗೆಗೆ ಹೋದ ಆಫೀಸ್ ಜಾಗ ಸುಮಾರು ಎರಡು ಕೋಟಿ ಚದರ ಅಡಿ. ಒಂದೊಂದು ಸಂಸ್ಥೆಯ ಲೆಕ್ಕ ಒಂದೊಂದು ಥರ. ಆದರೆ ಆ ವರ್ಷ ಬೆಂಗಳೂರೇ ಮುಂದೆ ಎನ್ನುವುದರಲ್ಲಿ ಅವರಲ್ಲಿ ತಕರಾರಿರಲಿಲ್ಲ.

ಈ ಸುದ್ದಿ ಕೊಡುವವರು ಯಾರು ಗೊತ್ತೇ? ಸರ್ಕಾರವಲ್ಲ. ಜಾಗ ತೋರಿಸಿ, ಬಾಡಿಗೆ ಕುದುರಿಸಿ, ಕಮಿಷನ್ ಎಣಿಸುವ ದಲ್ಲಾಳಿ ಕಂಪನಿಗಳು. ದಲ್ಲಾಳಿ ಎಂದರೆ ಅವರಿಗೆ ಸಿಟ್ಟು. ‘ಪ್ರಾಪರ್ಟಿ ಕನ್ಸಲ್ಟೆಂಟ್’ ಎನ್ನಬೇಕಂತೆ! ಆಗಲಿ, ಹಾಗೇ ಕರೆಯೋಣ. ಆದರೆ ಅವರು ನಮ್ಮ ಊರುಗಳನ್ನು ಏನೆಂದು ಕರೆಯುತ್ತಾರೆ ನೋಡು. ಕಾಡುಬೀಸನಹಳ್ಳಿ, ದೇವರಬೀಸನಹಳ್ಳಿ, ಬೆಳ್ಳಂದೂರು, ದೊಡ್ಡನೆಕ್ಕುಂದಿ ಎಲ್ಲವೂ ಅವರ ವರದಿಯಲ್ಲಿ ಬರೀ ‘ಓ.ಆರ್.ಆರ್.’ ಅದೊಂದು ‘ಮೈಕ್ರೊ ಮಾರ್ಕೆಟ್’! ಜಾಗ ಬಾಡಿಗೆಗೆ ಹೋದರೆ ಅದಕ್ಕೆ ‘ಅಬ್ಸಾರ್ಪ್ಷನ್’ ಎಂದು ಹೆಸರು. ಅಂದರೆ ಹೀರುವುದು. ಒಂದು ಮಾತನ್ನಾದರೂ ಸರಿಯಾಗಿಯೇ ಹೇಳಿದ್ದಾರೆ.

ಲೆಕ್ಕ ಕಲಿ

ಈ ವ್ಯಾಪಾರದ ಲೆಕ್ಕ ಕಷ್ಟದ್ದಲ್ಲ. ಒಂದು ವಿದೇಶಿ ಕಂಪನಿ ಒಂದು ಲಕ್ಷ ಚದರ ಅಡಿ ಜಾಗ ಹಿಡಿಯಿತು ಎಂದುಕೋ. ಅಡಿಗೆ ತಿಂಗಳಿಗೆ 90 ರೂಪಾಯಿ ಎಂದರೆ ತಿಂಗಳ ಬಾಡಿಗೆ 90 ಲಕ್ಷ. ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ ಫೀಸು ಎಂದು ಹಿಡಿದರೂ ಒಂದು ಸಹಿಗೆ 90 ಲಕ್ಷ! ಕಟ್ಟಡ ಕಟ್ಟಿದವನಿಗೆ ಸಾಲವಿದೆ, ಬಡ್ಡಿಯಿದೆ. ಬಾಡಿಗೆಗೆ ಬಂದವನಿಗೆ ಸಂಬಳದ ಖರ್ಚಿದೆ. ದಲ್ಲಾಳಿಗೆ? ಒಂದು ಇಟ್ಟಿಗೆಯೂ ಅವನದಲ್ಲ, ಒಂದು ಗುಂಟೆಯೂ ಅವನದಲ್ಲ. ಅವನ ಬಂಡವಾಳ ಮಾಹಿತಿ, ಮಾತು, ಪರಿಚಯ.

ಹಾಗಾದರೆ ಕೇಳು. ಈ ಊರಿನ ನೆಲದ ಮಾಹಿತಿ ಯಾವ ಭಾಷೆಯಲ್ಲಿದೆ? ಪಹಣಿ ಕನ್ನಡದಲ್ಲಿದೆ. ಮ್ಯುಟೇಷನ್, ಆಕಾರಬಂದು, ಸರ್ವೆ ಟಿಪ್ಪಣಿ, ಭೂಪರಿವರ್ತನೆಯ ಆದೇಶ ಎಲ್ಲವೂ ಕನ್ನಡದಲ್ಲಿವೆ. ಹಳೆಯ ಕ್ರಯಪತ್ರ ಬಿಚ್ಚಿದರೆ ಕನ್ನಡ, ಗ್ರಾಮ ನಕಾಶೆ ಬಿಚ್ಚಿದರೆ ಕನ್ನಡ. ಮೇಲಿನ ಗಾಜು ಅಮೆರಿಕದ್ದಾಗಿರಬಹುದು. ಅಡಿಪಾಯದ ಕೆಳಗಿರುವ ಕಾಗದ ಮಾತ್ರ ಅಚ್ಚ ಕನ್ನಡದ್ದು! ಕನ್ನಡ ಓದಲು ಬಾರದವನು ಇಲ್ಲಿ ಒಂದು ಕಟ್ಟಡದ ಹಕ್ಕನ್ನೂ ಪರೀಕ್ಷಿಸಲಾರ.

ನಾನು ಕಂಡದ್ದು

ಇದು ಕೇಳಿದ ಮಾತಲ್ಲ. ಇಂಥ ಒಂದು ಕಂಪನಿಯಲ್ಲಿ ಎರಡು ವರ್ಷ ದುಡಿದವನು ನಾನು. ಹೆಸರು ಬೇಡ. ಒಬ್ಬರ ಹೆಸರು ಹೇಳಿದರೆ ಉಳಿದವರು ನುಣುಚಿಕೊಳ್ಳುತ್ತಾರೆ.

ಅಲ್ಲಿನ ‘ಕಂಪನಿ ಕಲ್ಚರ್’ ಬಹಳ ಚೆಂದ. ‘ನಾವೆಲ್ಲ ಒಂದೇ ಫ್ಯಾಮಿಲಿ’ ಎಂದು ಗೋಡೆಯ ಮೇಲೆ ಬರೆದಿತ್ತು. ಮ್ಯಾನೇಜರನ್ನು ಹೆಸರು ಹಿಡಿದೇ ಕರೆಯಬೇಕು, ಸಾರ್ ಎನ್ನಬಾರದು. ಸೋಮವಾರ ಟಾರ್ಗೆಟ್ ಮೀಟಿಂಗ್. ಸಹಿ ಬಿದ್ದ ದಿನ ಹಿತ್ತಾಳೆಯ ಗಂಟೆ ಬಾರಿಸಿ ಚಪ್ಪಾಳೆ. ಗಂಟೆ ಬಾರಿಸುವವನಿಗೆ ಇನ್ಸೆಂಟಿವ್. ಗ್ರಾಹಕರ ಮುಂದೆ ಕೂರುವ ಆ ತಂಡದಲ್ಲಿ ಕನ್ನಡದವನು ಒಬ್ಬನೂ ಇರಲಿಲ್ಲ. ನಾವು ಮೂವರು ಕನ್ನಡದ ಹುಡುಗರು ‘ಬ್ಯಾಕ್ ಎಂಡ್’. ತಾಲ್ಲೂಕು ಕಚೇರಿ, ಸಬ್ ರಿಜಿಸ್ಟ್ರಾರ್ ಕಚೇರಿ, ಸರ್ವೆ ಇಲಾಖೆ ಸುತ್ತುವುದು ನಮ್ಮ ಪಾಲು.

ಒಮ್ಮೆ ವರ್ತೂರು ಕಡೆಯ ಒಂದು ದೊಡ್ಡ ಕಟ್ಟಡದ ಮಾತುಕತೆ ಮುಗಿಯುವ ಹಂತಕ್ಕೆ ಬಂದಿತ್ತು. ಹಳೆಯ ಪಹಣಿಯಲ್ಲಿ ‘ಬಿ’ ಖರಾಬು ನಾಲ್ಕು ಗುಂಟೆ ಎಂದಿದ್ದುದನ್ನು ನಾನು ನೋಡಿದೆ. ನಕಾಶೆ ತೆಗೆಸಿದರೆ ಅದು ಬಂಡಿದಾರಿ! ಸಾರ್ವಜನಿಕರ ದಾರಿ, ಯಾರೂ ಮಾರುವಂತಿಲ್ಲ, ಕಟ್ಟುವಂತಿಲ್ಲ. ಅದರ ಮೇಲೆ ಪಾರ್ಕಿಂಗ್ ಎದ್ದಿತ್ತು. ಬಾಡಿಗೆಗೆ ಬರುತ್ತಿದ್ದ ಕಂಪನಿ ಬಚಾವಾಯಿತು. ಪಕ್ಕದ ಬೇರೆ ಕಟ್ಟಡ ಹಿಡಿಯಿತು. ಗಂಟೆ ಬಾರಿಸಿತು. ಬಾರಿಸಿದವನು ಇಂಗ್ಲಿಷಿನಲ್ಲಿ ಸ್ಲೈಡ್ ತೋರಿಸಿದವನು. ನನಗೆ ಸಿಕ್ಕಿದ್ದು ಒಂದು ತುಂಡು ಕೇಕು!

ಇನ್ನೊಂದು ಸಲ ದೇವನಹಳ್ಳಿ ಕಡೆಯ ಒಬ್ಬ ಗೌಡರು ಬಂದರು. ಜಮೀನಿನ ದುಡ್ಡೆಲ್ಲ ಸುರಿದು ನಾಲ್ಕು ಅಂತಸ್ತು ಕಟ್ಟಿದ್ದರು. ನಲವತ್ತು ಪುಟದ ಇಂಗ್ಲಿಷ್ ಒಪ್ಪಂದ ಮುಂದಿಟ್ಟರು. ‘ಏನಪ್ಪಾ ಬರೆದವ್ರೆ ಇದ್ರಲ್ಲಿ?’ ಎಂದು ನನ್ನ ಮುಖ ನೋಡಿದರು. ಇದ್ದದ್ದನ್ನು ಹೇಳಿದೆ. ‘ಗೌಡ್ರೇ, ನೀವು ಒಂಬತ್ತು ವರ್ಷ ಅವರನ್ನು ಬಿಡಿಸೋ ಹಾಗಿಲ್ಲ. ಅವರು ಮೂರು ವರ್ಷ ಆದ ಮೇಲೆ ನೋಟಿಸ್ ಕೊಟ್ಟು ಎದ್ದು ಹೋಗಬಹುದು.’ ಗೌಡರು ಪೆನ್ನು ಕೆಳಗಿಟ್ಟರು. ವಕೀಲರಿಗೆ ತೋರಿಸ್ತೀನಿ ಎಂದು ಎದ್ದರು. ಇಂಥ ಷರತ್ತು ಈ ವ್ಯಾಪಾರದಲ್ಲಿ ಮಾಮೂಲು, ಮೋಸವೇನಲ್ಲ. ಆದರೆ ಸಹಿ ಹಾಕುವವನಿಗೆ ಅದು ಗೊತ್ತಿರಬೇಡವೇ? ಸಂಜೆ ನನ್ನನ್ನು ಒಳಗೆ ಕರೆದು, ‘ಭಾಷಾಂತರ ಮಾಡು ಎಂದರೆ ಸಲಹೆ ಕೊಡುತ್ತೀಯಾ?’ ಎಂದರು. ಮುಂದಿನ ತಿಂಗಳು ನಾನು ಆ ‘ಫ್ಯಾಮಿಲಿ’ಯಲ್ಲಿ ಇರಲಿಲ್ಲ.

ಹಾಂ, ಮರೆತೆ. ನವೆಂಬರ್ ಒಂದರಂದು ಎಲ್ಲರಿಗೂ ಹಳದಿ ಕೆಂಪು ಶಾಲು, ಬಾಳೆ ಎಲೆ ಊಟ, ಫೋಟೊ! ಊಟಕ್ಕಿಲ್ಲದ ಉಪ್ಪಿನಕಾಯಿ.

ಯಾರನ್ನು ಕೇಳುತ್ತೀಯ?

ನಿನ್ನ ಅಪ್ಪನ ಕಾಲದಲ್ಲಿ ಕೇಳುವುದಕ್ಕೆ ಒಂದು ಗೇಟು ಇತ್ತು. ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಗೇಟಿನ ಮುಂದೆ ನಿಂತು ‘ಕನ್ನಡಿಗರಿಗೆ ಕೆಲಸ ಎಲ್ಲಿ?’ ಎಂದು ಕೂಗಬಹುದಿತ್ತು. ಆ ಕೂಗಿನಿಂದಲೇ 1983ರಲ್ಲಿ ಸರೋಜಿನಿ ಮಹಿಷಿ ಸಮಿತಿ ಬಂತು, 1986ರಲ್ಲಿ 58 ಶಿಫಾರಸುಗಳ ವರದಿ ಬಂತು.

ಇಂದಿನ ಟೆಕ್ ಪಾರ್ಕಿಗೆ ಗೇಟಿದೆ, ಮಾಲೀಕನಿಲ್ಲ! ಕಟ್ಟಡದವನು ‘ನಾನು ಜಾಗ ಮಾತ್ರ ಕೊಟ್ಟೆ’ ಎನ್ನುತ್ತಾನೆ. ಕಂಪನಿಯವನು ‘ನಾನು ಬರೀ ಬಾಡಿಗೆದಾರ’ ಎನ್ನುತ್ತಾನೆ. ದಲ್ಲಾಳಿ ‘ನಾನು ಪರಿಚಯ ಮಾಡಿಸಿದೆ ಅಷ್ಟೆ’ ಎನ್ನುತ್ತಾನೆ. ಕಾವಲುಗಾರ ಒಬ್ಬ ಗುತ್ತಿಗೆದಾರನವನು, ಕ್ಯಾಂಟೀನು ಇನ್ನೊಬ್ಬನದು. ಕನ್ನಡಿಗನಿಗೆ ಜವಾಬು ಕೊಡುವವರು ಯಾರೂ ಇಲ್ಲ. ಬಾಡಿಗೆಯ ಈ ವ್ಯವಸ್ಥೆ ದುಡ್ಡನ್ನು ಮಾತ್ರವಲ್ಲ, ಹೊಣೆಯನ್ನೂ ಹಂಚಿ ಹಂಚಿ ಮಾಯ ಮಾಡಿದೆ.

ಸರ್ಕಾರವೋ? 2024ರ ಜುಲೈನಲ್ಲಿ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಂಪುಟ ಒಪ್ಪಿತು. ಉದ್ಯಮಿಗಳು ಗದರಿದರು. ಕೆಲವೇ ದಿನದಲ್ಲಿ ಮಸೂದೆ ತಡೆಹಿಡಿಯಲಾಯಿತು. ಅದೇ ವರ್ಷ ನವೆಂಬರಿನಲ್ಲಿ 2029ರೊಳಗೆ ವಿದೇಶಿ ಕಂಪನಿಗಳ 500 ಹೊಸ ಕೇಂದ್ರಗಳನ್ನು ತರುವ ನೀತಿ ಪ್ರಕಟವಾಯಿತು. ಬರಲಿ, ಬೇಡ ಎಂದವರು ಯಾರು? ಅಷ್ಟೂ ಕೇಂದ್ರಗಳಿಗೆ ಜಾಗ ಬೇಕು. ಆ ಜಾಗ ತೋರಿಸುವವನು ಯಾರಾಗಿರುತ್ತಾನೆ? ನನ್ನ ಪ್ರಶ್ನೆ ಇಷ್ಟೇ.

ನಮ್ಮ ತಪ್ಪೂ ಇದೆ

ಹೊರಗಿನಿಂದ ಬಂದು ದುಡಿಯುವ ಹುಡುಗನ ಮೇಲೆ ಹಲ್ಲು ಕಡಿಯಬೇಡ. ಅವನೂ ಸಂಬಳಕ್ಕೆ ದುಡಿಯುವವನೇ. ನಿನ್ನನ್ನೇ ಕೇಳಿಕೋ. ‘ಬ್ರೋಕರ್ ಕೆಲಸವಾ? ಛೀ!’ ಎಂದವರು ಯಾರು? ಪಹಣಿ ನೋಡುವುದು ಹಳ್ಳಿಯವರ ಕೆಲಸ ಎಂದು ಮೂಗು ಮುರಿದವರು ಯಾರು? ಸೈಟು ಮಾರಿ ಕಾರು ಕೊಂಡು, ಅದೇ ಟೆಕ್ ಪಾರ್ಕಿನವರಿಗೆ ಕ್ಯಾಬ್ ಓಡಿಸಿದವರು ಯಾರು? ಕ್ಯಾಬ್ ಓಡಿಸುವುದು ಅವಮಾನವಲ್ಲ. ನೆಲ ಗೊತ್ತಿದ್ದೂ ಅದರ ಬೆಲೆ ಗೊತ್ತಿಲ್ಲದಿರುವುದು ಅವಮಾನ!

ನಮ್ಮ ಒತ್ತಾಯ

1. ಒಂದು ವರ್ಷ ಮೀರಿದ ಬಾಡಿಗೆ ಕರಾರು ನೋಂದಣಿಯಾಗಲೇಬೇಕೆಂದು ಕಾನೂನಿದೆ. ಹಾಗೆ ನೋಂದಣಿಯಾಗುವ ಪ್ರತಿ ಕರಾರಿನ ಜೊತೆ ಅವಧಿ, ಬಾಡಿಗೆ, ಠೇವಣಿ, ಬಿಡುವ ಷರತ್ತುಗಳ ಕನ್ನಡ ಸಾರಾಂಶ ಕಡ್ಡಾಯವಾಗಲಿ.

2. 2016ರ ರೇರಾ ಕಾಯ್ದೆ ಮಾರಾಟ ಮಾಡಿಸುವ ಏಜೆಂಟನಿಗೆ ನೋಂದಣಿ ಹೇಳುತ್ತದೆ. ಬಾಡಿಗೆ ಮಾಡಿಸುವವನು ಅದರ ಕೈಗೆ ಸಿಗುವುದಿಲ್ಲ. ಆಫೀಸ್ ಬಾಡಿಗೆಯ ದಲ್ಲಾಳಿ ಕಂಪನಿಗಳನ್ನೂ ನೋಂದಣಿಗೆ ತರಲಿ. ಒಳಗೆ ಯಾವ ಹುದ್ದೆಯಲ್ಲಿ ಎಷ್ಟು ಸ್ಥಳೀಯರಿದ್ದಾರೆ ಎಂದು ಬಹಿರಂಗಪಡಿಸಲಿ.

3. ಕನ್ನಡ ದಾಖಲೆ ಓದುವುದು ಕೂಲಿ ಕೆಲಸವಲ್ಲ, ಪರಿಣತಿ. ಅದಕ್ಕೆ ಇನ್ಸೆಂಟಿವ್‌ನಲ್ಲಿ ಪಾಲು ಕೊಡಲಿ.

ನಾಲ್ಕನೆಯದು ಸರ್ಕಾರಕ್ಕಲ್ಲ, ನಿನಗೆ. ಬಿ.ಕಾಂ. ಮುಗಿಸಿ ಕೂತಿದ್ದೀಯಾ? ಪಹಣಿ ಓದಲು ಕಲಿ. ಕಾರ್ಪೆಟ್ ಅಳತೆಗೂ ಸೂಪರ್ ಬಿಲ್ಟಪ್ ಅಳತೆಗೂ ಇರುವ ವ್ಯತ್ಯಾಸ ಕಲಿ. ಮೂರು ವರ್ಷಕ್ಕೊಮ್ಮೆ ಬಾಡಿಗೆ ಶೇ. 15 ಏರಿದರೆ ಒಂಬತ್ತನೆಯ ವರ್ಷ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕು. ಇಂಗ್ಲಿಷನ್ನೂ ಕಲಿ, ಹೆದರಬೇಡ. ಅದು ಅವರಿಗೂ ಹುಟ್ಟಿನಿಂದ ಬಂದದ್ದಲ್ಲ. ಆದರೆ ಕನ್ನಡವನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಹೋಗಬೇಡ. ಆ ಮೇಜಿನ ಮೇಲೆ ಅವರ ಬಳಿ ಇಲ್ಲದ, ನಿನ್ನ ಬಳಿ ಮಾತ್ರ ಇರುವ ಬಂಡವಾಳ ಅದೊಂದೇ.

ಮುಂದಿನ ಸಲ ಪತ್ರಿಕೆಯಲ್ಲಿ ‘ಬೆಂಗಳೂರೇ ಮೊದಲು’ ಎಂದು ಓದಿದಾಗ ಚಪ್ಪಾಳೆ ತಟ್ಟಬೇಡ. ಗಂಟೆ ಬಾರಿಸಿದವನು ಯಾರು ಎಂದು ಕೇಳು. ಕನ್ನಡದ ಕೈಯೂ ಆ ಗಂಟೆಯನ್ನು ಬಾರಿಸುವ ದಿನ ನಾವೆಲ್ಲ ಸೇರಿ ಚಪ್ಪಾಳೆ ತಟ್ಟೋಣ.

ಏಳು, ಕನ್ನಡಿಗಾ! ಕಾವಲು ಕಾದದ್ದು ಸಾಕು. ಒಳಗೆ ನಡೆ!