ಸೆಳೆವ ಹಕ್ಕಿಯೂ ಹುಲ್ಲುಗಾವಲೂ

ಬೆಳೆಗೆ ಉಪದ್ರವ ಮಾಡುವ ಕೀಟಗಳ ಹೆಸರನ್ನು ಬಲ್ಲ ವ್ಯವಸಾಯಗಾರರು ಅನೇಕರಿರುವರು. ಆ ಕೀಟಗಳನ್ನು ತಿಂದು ಉಪಕಾರ ಮಾಡುವ ಹಕ್ಕಿಗಳನ್ನು ಗುರುತಿಸಬಲ್ಲವರು ವಿರಳ. ಇಂತಹ ಹಕ್ಕಿಗಳಲ್ಲಿ ಸೆಳೆವವೂ ಒಂದು. ಹ್ಯಾರಿಯರ್ ಎಂಬುದು ಇದರ ಇಂಗ್ಲಿಷ್ ಹೆಸರು. ಮಾಂಟೆಗು ಸೆಳೆವ, ಬಿಳಿ ಸೆಳೆವ ಎಂಬ ಎರಡು ಜಾತಿಗಳು ಚಳಿಗಾಲದಲ್ಲಿ ಬಯಲುಸೀಮೆಯ ಹೊಲಗಳ ಮೇಲೆ ಕಾಣಬರುತ್ತವೆ. ಗಂಡಿನ ಮೈ ಬೂದಿಬಣ್ಣ, ರೆಕ್ಕೆಯ ತುದಿ ಕಪ್ಪು. ಹೆಣ್ಣು ಕಂದುಬಣ್ಣದ್ದು, ಬಾಲದ ಬುಡದಲ್ಲಿ ಬಿಳಿಯ ಗುರುತುಳ್ಳದ್ದು. ರೆಕ್ಕೆಗಳನ್ನು ಮೇಲಕ್ಕೆ ಹಿಡಿದು, ಪೈರಿನ ತಲೆಗೆ ಸೋಕುವಂತೆ ಓಲಾಡುತ್ತ ಸಾಗುವ ರೀತಿಯಿಂದಲೇ ಇದನ್ನು ತಿಳಿಯಬಹುದು. ಮಾಂಟೆಗು ಸೆಳೆವದ ತೂಕವು ಅರ್ಧ ಕಿಲೋಗ್ರಾಮಿಗಿಂತಲೂ ಕಡಿಮೆ. ಆದಕಾರಣ ಇದನ್ನು ಕೋಳಿಕಳ್ಳನೆಂದು ಶಂಕಿಸುವುದು ಸರಿಯಲ್ಲ.

ಈ ಹಕ್ಕಿಗಳು ಕಜಕಸ್ತಾನ ಮತ್ತು ದಕ್ಷಿಣ ರಷ್ಯಾ ಮುಂತಾದ ದೇಶಗಳ ಹುಲ್ಲುಬಯಲುಗಳಲ್ಲಿ ನೆಲದ ಮೇಲೆಯೇ ಗೂಡುಮಾಡಿ ಮರಿಗಳನ್ನು ಬೆಳೆಸುತ್ತವೆ. ಸೆಪ್ಟೆಂಬರು ಅಕ್ಟೋಬರು ತಿಂಗಳುಗಳಲ್ಲಿ ಸಾವಿರಾರು ಕಿಲೋಮೀಟರು ಹಾರಿಬಂದು, ಮಾರ್ಚಿ ಏಪ್ರಿಲ್ ತಿಂಗಳುಗಳಲ್ಲಿ ಹಿಂದಿರುಗುತ್ತವೆ. ಇಲ್ಲಿರುವ ಕಾಲದಲ್ಲಿ ಇವುಗಳಿಗೆ ಎರಡು ಬಗೆಯ ನೆಲೆಗಳು ಬೇಕು. ಹಗಲಿನಲ್ಲಿ ಹೊಲಗಳ ಮೇಲೂ ಬೀಳುಗಳ ಮೇಲೂ ಸುತ್ತಿ ಮಿಡತೆ, ಇಲಿ, ಓತಿ, ಸಣ್ಣ ಹಕ್ಕಿ ಮೊದಲಾದವನ್ನು ಹಿಡಿಯುತ್ತವೆ. ಸೂರ್ಯಾಸ್ತವಾಗುತ್ತಲೇ ದಿಕ್ಕುದಿಕ್ಕುಗಳಿಂದ ಒಂದೆಡೆಗೆ ಬಂದು ಸೇರಿ, ಎತ್ತರವಾಗಿ ಬೆಳೆದ ಹುಲ್ಲಿನ ನಡುವೆ ನೆಲದ ಮೇಲೆ ಗುಂಪಾಗಿ ರಾತ್ರಿ ಕಳೆಯುತ್ತವೆ. ಮರದ ಮೇಲೆ ಮಲಗುವ ರೂಢಿ ಇವಕ್ಕಿಲ್ಲ. ಗುಜರಾತಿನ ವೇಳಾವದರದ ಹುಲ್ಲುಗಾವಲಿನಲ್ಲಿ ಹಿಂದೆ ಒಂದೇ ರಾತ್ರಿ ಸಾವಿರಕ್ಕೂ ಮೇಲ್ಪಟ್ಟು ಸೆಳೆವಗಳು ಸೇರುತ್ತಿದ್ದವು. ಅಲ್ಲಿ ಅವು ಉಗುಳಿದ ಆಹಾರಶೇಷವನ್ನು ಪರೀಕ್ಷಿಸಿದಾಗ ಮಿಡತೆಗಳ ಅಂಶವೇ ವಿಶೇಷವಾಗಿ ಕಂಡುಬಂದಿತು.

ಮೂವತ್ತು ವರ್ಷಗಳ ಎಣಿಕೆಗಳನ್ನು ಕೂಡಿಸಿ 2018ರಲ್ಲಿ ಪ್ರಕಟವಾದ ಲೇಖನವೊಂದು, ಭಾರತಕ್ಕೆ ಬರುವ ಸೆಳೆವಗಳ ಸಂಖ್ಯೆ ಇಳಿಯುತ್ತಿರುವಂತೆ ತೋರುತ್ತದೆಂದು ತಿಳಿಸುತ್ತದೆ. ಇದರ ಕಾರಣವನ್ನು ದೂರದೇಶಗಳಲ್ಲಿ ಮಾತ್ರ ಹುಡುಕುವುದು ಯುಕ್ತವಲ್ಲ. ಹೊಲಗಳೇನೋ ಉಳಿದಿವೆ, ಹುಲ್ಲುಗಾವಲುಗಳು ಕರಗುತ್ತಿವೆ. ಬೆಣ್ಣೆಚಾವಡಿಯ ಕಾಲದಿಂದ ದನಗಳ ಮೇವಿಗಾಗಿ ಕಾಯ್ದಿಟ್ಟ ಅಮೃತಮಹಲ್ ಕಾವಲುಗಳಲ್ಲಿ ಎಷ್ಟೋ ಭಾಗ ಸಾಗುವಳಿಗೂ ನೆಡುತೋಪುಗಳಿಗೂ ಅನ್ಯ ಉದ್ದೇಶಗಳಿಗೂ ಹೋಯಿತು. ಚಳ್ಳಕೆರೆಯ ಬಳಿಯೊಂದರಲ್ಲೇ 2008ರಿಂದ 2010ರವರೆಗೆ ಸುಮಾರು 10,000 ಎಕರೆ ಕಾವಲನ್ನು ವಿವಿಧ ಸಂಸ್ಥೆಗಳಿಗೆ ವಹಿಸಲಾಯಿತು. ಹುಲ್ಲುನೆಲವನ್ನು ಪಾಳುನೆಲವೆಂದು ಎಣಿಸುವ ಅಭ್ಯಾಸವೇ ಈ ಅನರ್ಥಕ್ಕೆ ಮೂಲ. ಅಲ್ಲಿ ನೀಲಗಿರಿಯನ್ನು ನೆಡುವುದು ಹಸಿರನ್ನು ಹೆಚ್ಚಿಸಿದಂತೆ ಕಂಡರೂ, ದನಕ್ಕೆ ಮೇವನ್ನೂ ಹಕ್ಕಿಗೆ ಹಾಸಿಗೆಯನ್ನೂ ತಪ್ಪಿಸಿದಂತಾಗುತ್ತದೆ.

ಗೋಮಾಳವು ದನಗಳಿಗಾಗಿ ಇರುವುದೇ ಹೊರತು ಹಕ್ಕಿಗಳಿಗಾಗಿ ಅಲ್ಲವೆಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪಣೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಮೇವಿನ ಅಭಾವವುಳ್ಳ ಗ್ರಾಮದಲ್ಲಿ ಹುಲ್ಲನ್ನು ಸುಮ್ಮನೆ ಬಿಡಬೇಕೆನ್ನುವುದು ನ್ಯಾಯವಲ್ಲ. ಆದರೆ ಕಾವಲಿಗೆ ಕಾವಲನ್ನೇ ಬಿಡಬೇಕಾದ ಅಗತ್ಯವಿಲ್ಲ. ಹಕ್ಕಿಗಳು ಪ್ರತಿವರ್ಷವೂ ಇಳಿಯುವ ಸ್ಥಳವನ್ನು ದನಕಾಯುವವರು ಬಲ್ಲರು. ಆ ತುಂಡನ್ನು ಮಾತ್ರ ಏಪ್ರಿಲ್ ಕಳೆಯುವವರೆಗೆ ಕೊಯ್ಯದೆ, ಸುಡದೆ, ಸಂಜೆಯ ಮೇಲೆ ದನ ನಾಯಿಗಳನ್ನು ಬಿಡದೆ ಕಾಪಾಡಿದರೆ ಸಾಕು. ಉಳಿದ ಭಾಗವು ಎಂದಿನಂತೆ ಮೇವಿಗೆ ಒದಗುವುದು. ಕೊನೆಯಲ್ಲಿ ಕೊಯ್ಯುವ ಹುಲ್ಲು ಒಣಗಿ ಸತ್ವ ಕಡಿಮೆಯಾಗುವುದು ನಿಜವಾದರೂ, ಉದುರಿದ ಬೀಜದಿಂದ ಮುಂದಿನ ಮಳೆಗೆ ಕಾವಲು ತುಂಬಿಕೊಳ್ಳಲು ಅನುಕೂಲವಾಗುವುದು. ಹೊಲದಲ್ಲಿ ಮಿಡತೆ ಕಂಡೊಡನೆ ಮಿತಿಮೀರಿ ವಿಷ ಸಿಂಪಡಿಸುವ ರೂಢಿಯನ್ನೂ ಬಿಡಬೇಕು.

ಸೆಳೆವವೊಂದೇ ಕೀಟಬಾಧೆಯನ್ನು ನಿವಾರಿಸುವುದೆಂದು ಯಾರೂ ಭಾವಿಸಬೇಕಾಗಿಲ್ಲ. ಆದರೆ ಕೂಲಿ ಕೇಳದೆ ಹೊಲ ಕಾಯುವ ಈ ಆಳಿಗೆ ರಾತ್ರಿ ತಂಗಲು ನಾಲ್ಕು ಎಕರೆ ಹುಲ್ಲನ್ನೂ ಉಳಿಸದಿರುವುದು ವಿವೇಕವಲ್ಲ. ಗ್ರಾಮ ಪಂಚಾಯಿತಿಗಳು ಈ ಸುಗ್ಗಿಗೆ ಮುಂಚಿತವಾಗಿಯೇ ತಮ್ಮ ಗೋಮಾಳದಲ್ಲಿ ಅಂತಹ ತುಂಡನ್ನು ಗೊತ್ತುಮಾಡುವುದು ಉಚಿತ. ಹಕ್ಕಿಗೆ ಉಳಿಸಿದ ಹುಲ್ಲು ಕಡೆಗೆ ದನಕ್ಕೂ ಉಳಿದ ಹುಲ್ಲೇ ಆಗಿರುತ್ತದೆ.