ಗಡಿಗಲ್ಲು ದಾಟದ ಹಕ್ಕು

ಮಳೆ ಕೈಕೊಟ್ಟ ವರ್ಷ ತುಳಸಿಗೇರಿಯ ಹನುಮಪ್ಪನಿಗೆ ಕಾಯಿ ಒಡೆದು ಗೋವೆಗೋ ಪುಣೆಗೋ ದುಡಿಯಹೋಗುವುದು ಈ ಸೀಮೆಯ ಮನೆತನಗಳಿಗೆ ಹೊಸದಲ್ಲ. ಕೆಲಸದ ಬಗೆ ಮಾತ್ರ ಹೊಸದು. ಗುದ್ದಲಿ ಬುಟ್ಟಿ ಹೊತ್ತು ಹೋದವನ ಮಗನು ಇಂದು ಬೈಕು ಹತ್ತಿ, ಮೊಬೈಲು ಹಿಡಿದು, ಪರರ ಬಾಗಿಲಿಗೆ ಬಿಸಿ ಊಟ ಮುಟ್ಟಿಸುತ್ತಾನೆ. ತಂದೆಗೆ ಮೇಸ್ತ್ರಿಯೆಂಬ ಒಬ್ಬ ಮನುಷ್ಯನಾದರೂ ಇದ್ದನು. ಮಗನಿಗೆ ಯಜಮಾನನ ಮುಖವೇ ಕಾಣದು.

ಇಂಥವನೊಬ್ಬನು ಹುಬ್ಬಳ್ಳಿಯಲ್ಲಿ ಡೆಲಿವರಿ ಮಾಡುತ್ತ, ಕಾರ್ಮಿಕ ಸಂಘದ ಸದಸ್ಯನೂ ಆಗಿದ್ದು, ಸಂಸಾರದ ಕಾರಣದಿಂದ ಪುಣೆಗೆ ಹೊರಟನೆಂದು ಭಾವಿಸಬಹುದು. ನಿಪ್ಪಾಣಿಯನ್ನು ಹಿಂದಿಕ್ಕಿ ಕಾಗಲನ್ನು ಮುಟ್ಟಿದಾಗ ಅವನ ಕೈಯಲ್ಲಿ ಉಳಿಯುವುದೇನು? 1988ರ ಮೋಟಾರು ವಾಹನಗಳ ಕಾಯಿದೆಯ ಪ್ರಕಾರ ಅವನ ಲೈಸೆನ್ಸು ಭಾರತದಾದ್ಯಂತ ನಡೆಯುತ್ತದೆ. ಬೈಕು ಪರರಾಜ್ಯದಲ್ಲಿ 12 ತಿಂಗಳು ಮೀರಿ ಉಳಿದರೆ ಅದಕ್ಕೆ ಅಲ್ಲಿಯ ಹೊಸ ನಂಬರು ಪಡೆಯುವ ವಿಧಿಯೂ ಅದರಲ್ಲಿದೆ. ಬೈಕಿನ ವಲಸೆಯನ್ನು ಇಷ್ಟು ಮುತುವರ್ಜಿಯಿಂದ ಚಿಂತಿಸಿದ ಶಾಸನಕ್ಕೆ ಅದರ ಮೇಲೆ ಕುಳಿತವನ ನೆನಪು ಬಾರದೆ ಹೋದುದು ವಿಚಿತ್ರವೇ ಸರಿ.

ಕರ್ನಾಟಕವು 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಒಂದು ಕಾಯಿದೆ ಮಾಡಿತು. ರಾಜಸ್ಥಾನವು 2023ರಲ್ಲಿಯೇ ದಾರಿ ತೋರಿತ್ತು. ಕರ್ನಾಟಕದ ಕಾಯಿದೆಯಂತೆ ಪ್ರತಿ ವ್ಯವಹಾರದಲ್ಲಿ ಕಾರ್ಮಿಕನಿಗೆ ಸಲ್ಲುವ ಹಣದ ಶೇಕಡಾ 1ರಿಂದ 5ರವರೆಗಿನ ಮೊತ್ತವನ್ನು ಕಂಪನಿಯು ಕಲ್ಯಾಣ ನಿಧಿಗೆ ತೆರಬೇಕು. ಅದಕ್ಕಿಂತ ಮಿಗಿಲಾದುದು ಇನ್ನೊಂದುಂಟು: ಕೆಲವು ಅಪವಾದಗಳನ್ನು ಬಿಟ್ಟರೆ, ಕಾರಣವನ್ನು ಬರೆದು ತಿಳಿಸಿ 14 ದಿನಗಳ ಮುನ್ಸೂಚನೆ ಕೊಡದೆ ಕಾರ್ಮಿಕನನ್ನು ತೆಗೆಯಕೂಡದು. ಬೆಳಗ್ಗೆ ಎದ್ದು ಆ್ಯಪು ತೆರೆದರೆ ಖಾತೆಯೇ ಮುಚ್ಚಿರುವ ದುರವಸ್ಥೆಯನ್ನು ಬಲ್ಲವರಿಗೆ ಈ 14 ದಿನಗಳ ಬೆಲೆ ಗೊತ್ತು. ಆದರೆ ಈ ಕಾಯಿದೆಯ ಕೈ ಕಾಗಲಿನವರೆಗೆ ನಿಲುಕದು.

ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆಯಿಂದ ಈ ಕೊರತೆ ತೀರಿತೆನ್ನುವವರಿದ್ದಾರೆ. 2020ರ ಆ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಆಧಾರ್‌ಗೆ ಜೋಡಿಸಿದ ಖಾತೆಯ ಸಂಖ್ಯೆಯು ಯಾವ ರಾಜ್ಯದಲ್ಲಿಯೂ ಸಲ್ಲುವುದೆಂಬ ಭರವಸೆಯೂ ಉಂಟು. ಒಪ್ಪತಕ್ಕದ್ದೇ. ಆದರೆ ವಿಮೆಯ ಮಾತು ಬೇರೆ, ನ್ಯಾಯದ ಮಾತು ಬೇರೆ. ಅಪಘಾತವಾದರೆ ಧನ ಕೊಡುವೆನೆನ್ನುವ ಸಂಹಿತೆಯು, ಕಾರಣ ಹೇಳದೆ ಅನ್ನ ಕಸಿದುಕೊಂಡವನನ್ನು ಏಕೆಂದು ಕೇಳುವ ಅಧಿಕಾರವನ್ನು ಅವನಿಗೆ ಕೊಡುವುದಿಲ್ಲ.

‘ತಾನಾಗಿ ಹೋದವನು ತಾನೇ ಅನುಭವಿಸಲಿ’ ಎಂಬ ಮಾತು ಪಡಸಾಲೆಗಳಲ್ಲಿ ಸುಲಭವಾಗಿ ಹುಟ್ಟುತ್ತದೆ. ಸಂವಿಧಾನದ 19ನೆಯ ಅನುಚ್ಛೇದವು ಸಂಘ ಕಟ್ಟುವ, ದೇಶದೊಳಗೆ ಎಲ್ಲಿಯಾದರೂ ನೆಲಸುವ, ಉದ್ಯೋಗ ಮಾಡುವ ಸ್ವಾತಂತ್ರ್ಯಗಳನ್ನು ಒಟ್ಟಿಗೇ ಎಣಿಸಿದೆ. ಒಂದನ್ನು ಬಳಸಿದವನು ಇನ್ನೊಂದರ ಫಲವನ್ನು ಕಳೆದುಕೊಳ್ಳತಕ್ಕದ್ದೆಂದು ಅಲ್ಲಿ ಎಲ್ಲಿಯೂ ಬರೆದಿಲ್ಲ. ಮೇಲಾಗಿ ಹುಬ್ಬಳ್ಳಿಯಲ್ಲಿಯೂ ಪುಣೆಯಲ್ಲಿಯೂ ವ್ಯಾಪಾರ ನಡೆಸುವ ಕಂಪನಿ ಒಂದೇ. ಯಜಮಾನನಿಗಿಲ್ಲದ ಗಡಿ ಆಳಿಗೆ ಮಾತ್ರ ಏಕೆ?

ಸಂಘಗಳೂ ಈ ದೋಷಕ್ಕೆ ಹೊರತಲ್ಲ. ಒಂದು ರಾಜ್ಯದಲ್ಲಿ ಚಂದಾ ತೆತ್ತವನನ್ನು ನೆರೆರಾಜ್ಯದ ಸಂಘವು ಹೊಸಬನೆಂದು ಹೊಸ್ತಿಲಲ್ಲಿ ನಿಲ್ಲಿಸಿದರೆ, ಒಗ್ಗಟ್ಟಿನ ಘೋಷಣೆಗೆ ಅರ್ಥವೇನು? ಹುಬ್ಬಳ್ಳಿಯ ರಸೀದಿಯನ್ನು ಪುಣೆಯಲ್ಲಿ ಮನ್ನಿಸಲು ಯಾವ ಶಾಸನವೂ ಬೇಕಿಲ್ಲ. ಎರಡು ಸಂಘಗಳ ಕಾರ್ಯದರ್ಶಿಗಳು ಒಂದು ಸಂಜೆ ಕುಳಿತರೆ ಸಾಕು. 14 ದಿನಗಳ ಮುನ್ಸೂಚನೆಯನ್ನು ದೇಶಕ್ಕೆಲ್ಲ ವಿಧಿಸುವುದು ಮಾತ್ರ ಸಂಸತ್ತಿನ ಕೆಲಸ. ಬಾಗಿಲಲ್ಲಿ ನಿಂತು ಪೊಟ್ಟಣ ತೆಗೆದುಕೊಳ್ಳುವ ಸುಶಿಕ್ಷಿತರು ಮತ ಕೇಳಬರುವವರಿಗೆ ಈ ಪ್ರಶ್ನೆಯನ್ನು ಹಾಕಲಿ.