ಡೆಲೋಸ್‌ನಿಂದ ಮರಳಿದ ಹಡಗು

ಇನ್ನೂ ಬೆಳಕು ಹರಿದಿಲ್ಲ. ಸೆರೆಮನೆಯಲ್ಲಿ ಸಾಕ್ರಟೀಸ್ ನೆಮ್ಮದಿಯಾಗಿ ನಿದ್ರಿಸುತ್ತಿದ್ದಾನೆ. ಕಾವಲುಗಾರನ ಪರಿಚಯದ ಬಲದಿಂದ ಒಳಬಂದ ಗೆಳೆಯ ಕ್ರೀಟೋ ಅವನನ್ನು ಎಬ್ಬಿಸದೆ ಪಕ್ಕದಲ್ಲಿ ಕುಳಿತಿದ್ದಾನೆ. ಎಚ್ಚರವಾದವನಿಗೆ ಅವನು ತಿಳಿಸಬೇಕಾದದ್ದು ಒಂದು ಹಡಗಿನ ಸುದ್ದಿ. ಡೆಲೋಸ್ ದ್ವೀಪದಿಂದ ಹೊರಟ ಹಡಗನ್ನು ಸೂನಿಯನ್ ಭೂಶಿರದಲ್ಲಿ ಬಿಟ್ಟು ಬಂದವರು ಹೇಳುವಂತೆ ಅದು ಈ ದಿನವೇ ಅಥೆನ್ಸಿಗೆ ಬಂದೀತು. ಬಂದರೆ ನಾಳೆ ಸಾಕ್ರಟೀಸ್ ಸಾಯಬೇಕು. ಪ್ಲೇಟೋವಿನ ‘ಕ್ರೀಟೋ’ ಸಂವಾದ ತೆರೆದುಕೊಳ್ಳುವುದು ಹೀಗೆ.

ಈ ಹಡಗಿನ ಹಿನ್ನೆಲೆಯನ್ನು ಪ್ಲೇಟೋ ‘ಫೀಡೋ’ ಸಂವಾದದಲ್ಲಿ ವಿವರಿಸಿದ್ದಾನೆ. ಮಿನೊಟಾರ್‌ಗೆ ಬಲಿಯಾಗಬೇಕಿದ್ದ ಹದಿನಾಲ್ಕು ಮಂದಿಯೊಡನೆ ಥೀಸಿಯಸ್ ಕ್ರೀಟ್ ದ್ವೀಪಕ್ಕೆ ಹೋದದ್ದು ಇದೇ ಹಡಗಿನಲ್ಲಿ ಎಂದು ಅಥೆನ್ಸಿನವರ ನಂಬಿಕೆ. ಅವರು ಉಳಿದು ಬಂದರೆ ಪ್ರತಿವರ್ಷ ಡೆಲೋಸಿಗೆ ಯಾತ್ರೆ ಕಳಿಸುವೆವೆಂದು ಅಪೊಲೊ ದೇವನಿಗೆ ಹರಕೆ ಹೊತ್ತಿದ್ದರು. ಪೂಜಾರಿಯು ಹಡಗಿನ ಹಿಂಭಾಗಕ್ಕೆ ಮಾಲೆ ಹಾಕಿದ ಗಳಿಗೆಯಿಂದ ಅದು ಹೋಗಿ ಮರಳುವವರೆಗೆ ನಗರವು ಶುದ್ಧವಾಗಿರಬೇಕು, ಮರಣದಂಡನೆ ನಡೆಯಕೂಡದು. ಕ್ರಿ.ಪೂ. 399ರಲ್ಲಿ ಹಡಗಿಗೆ ಮಾಲೆ ಹಾಕಿದ ಮರುದಿನ ಸಾಕ್ರಟೀಸನ ವಿಚಾರಣೆ ನಡೆಯಿತು. ಅದೊಂದು ಆಕಸ್ಮಿಕ. ವಿಚಾರಣೆ ಎರಡು ದಿನ ಮೊದಲೇ ಮುಗಿದಿದ್ದರೆ ಹೇಮ್ಲಾಕ್ ವಿಷದ ಬಟ್ಟಲಿಗೆ ತಡೆಯಿರುತ್ತಿರಲಿಲ್ಲ. ತೀರ್ಪಿನ ಬಳಿಕ ಆತ ಮೂವತ್ತು ದಿನ ಬದುಕಿದ್ದನೆಂದು ಝೆನೊಫನ್ ಲೆಕ್ಕ ಕೊಡುತ್ತಾನೆ.

ನಮ್ಮ ತರಗತಿಗಳಲ್ಲಿ ಈ ಹಡಗು ಎರಡು ಹೋಳಾಗಿದೆ. ತತ್ತ್ವಶಾಸ್ತ್ರದ ವಿದ್ಯಾರ್ಥಿಗೆ ಅದು ‘ಥೀಸಿಯಸನ ಹಡಗು’ ಎಂಬ ಒಗಟು: ಕೊಳೆತ ಹಲಗೆಗಳನ್ನು ಒಂದೊಂದಾಗಿ ಬದಲಿಸಿದ ಮೇಲೆ ಉಳಿಯುವುದು ಅದೇ ಹಡಗೋ, ಬೇರೆಯದೋ? ಒಗಟಿಗೆ ಮೂಲ ಪ್ಲುಟಾರ್ಕ್ ಬರೆದ ಥೀಸಿಯಸನ ಚರಿತ್ರೆ. ಮೂವತ್ತು ಹುಟ್ಟುಗಳ ಆ ಹಡಗನ್ನು ಫಲೇರಮ್ಮಿನ ದಿಮಿತ್ರಿಯಸನ ಕಾಲದವರೆಗೂ ಅಥೆನ್ಸಿನವರು ಹಾಗೆ ಕಾಪಾಡಿಕೊಂಡು ಬಂದರೆಂದು ಅಲ್ಲಿ ಹೇಳಿದೆ. ಸಾಹಿತ್ಯದ ವಿದ್ಯಾರ್ಥಿಗಾದರೋ ಹಡಗು ಸಂವಾದದ ಅಂಚಿನ ವಿವರ. ಬೇಗ ದಾಟಿ ‘ಕಾನೂನುಗಳ ವಾದ’ಕ್ಕೆ ಹೋಗಬೇಕು. ಹಲಗೆ ಬದಲಿಸುತ್ತಿದ್ದುದು ಏತಕ್ಕೆ ಎಂಬ ಸರಳ ಪ್ರಶ್ನೆ ಎರಡೂ ಕಡೆ ಕೇಳಿಸುವುದಿಲ್ಲ. ಪ್ಲೇಟೋ ಹೇಳುವ ಹಡಗು ವಸ್ತುಸಂಗ್ರಹಾಲಯದ ಕಟ್ಟಿಗೆಯಾಗಿರಲಿಲ್ಲ. ಅದು ದ್ವೀಪಕ್ಕೆ ಹೋಗಿ ಮರಳಬೇಕಿತ್ತು. ಅದರ ಮೇಲೆ ಒಬ್ಬನ ಪ್ರಾಣ ನಿಂತಿತ್ತು. ಆ ದಾರಿಯನ್ನು ಬಿಟ್ಟು ಹಲಗೆಗಳನ್ನಷ್ಟೇ ಎಣಿಸುವುದು ಅರ್ಧ ಓದು.

ದಾರಿಯೂ ಸುಲಭದ್ದಲ್ಲ. ಡೆಲೋಸ್ ಏಜಿಯನ್ ಸಮುದ್ರದ ನಡುವಿನ ಪುಟ್ಟ ಬಂಡೆನೆಲ. ಅಲ್ಲಿಂದ ಪಶ್ಚಿಮಕ್ಕೆ, ತುಸು ಉತ್ತರಕ್ಕೆ ಓರೆಯಾಗಿ ಬಂದರೆ ನಡುನಡುವೆ ದ್ವೀಪಗಳು. ಆಮೇಲೆ ಅಟ್ಟಿಕಾದ ತುದಿಯಲ್ಲಿ ಸೂನಿಯನ್, ಅದರ ನೆತ್ತಿಯಲ್ಲಿ ಪೊಸೈಡನ್ ದೇವಾಲಯ. ಗಾಳಿ ಎದುರಾದರೆ ಯಾತ್ರೆ ಬಹಳ ತಡವಾಗುವುದೆಂದು ‘ಫೀಡೋ’ ಸ್ಪಷ್ಟವಾಗಿ ಹೇಳುತ್ತದೆ. ಇಂದು ಡೆಲೋಸಿನಲ್ಲಿ ಪ್ರವಾಸಿಗಳು ರಾತ್ರಿ ತಂಗುವಂತಿಲ್ಲ. ಸಣ್ಣ ದೋಣಿ ಹತ್ತಿ ಮಿಕೊನೋಸಿಗೆ ಬಂದು, ಅಲ್ಲಿಂದ ದೊಡ್ಡ ಫೆರ್ರಿಯಲ್ಲಿ ಪಿರೇಯಸ್ ಅಥವಾ ರಫೀನಾ ಬಂದರಿಗೆ ಹೋಗಬೇಕು. ಕೆಲವೇ ಗಂಟೆಗಳ ಪಯಣ. ಆದರೂ ಗಾಳಿ ಮಿತಿಮೀರಿದ ದಿನ ಬಂದರಿನ ಅಧಿಕಾರಿಗಳು ಹಡಗುಗಳನ್ನು ಹೊರಡಗೊಡುವುದಿಲ್ಲ. ಕಟ್ಟೆಯ ಮೇಲೆ ಪೆಟ್ಟಿಗೆಗಳ ನಡುವೆ ಕುಳಿತು ಗಾಳಿಯನ್ನು ಶಪಿಸುವ ಪ್ರವಾಸಿಗೆ, ಅದೇ ಸಮುದ್ರದ ಗಾಳಿ ಹಿಂದೊಮ್ಮೆ ಒಬ್ಬನ ಆಯುಷ್ಯವನ್ನು ದಿನದಿನವಾಗಿ ಬೆಳೆಸಿರಬಹುದೆಂಬುದು ನೆನಪಾಗುವುದು ಅಪರೂಪ.

ಆ ದಿನಗಳಲ್ಲಿ ನಡೆದದ್ದೇನು? ಗೆಳೆಯರು ಬೆಳಿಗ್ಗೆ ನ್ಯಾಯಾಲಯದ ಬಳಿ ಸೇರಿ ಸೆರೆಮನೆಯ ಬಾಗಿಲು ತೆರೆಯುವುದನ್ನು ಕಾಯುತ್ತಿದ್ದರು. ಅಲ್ಲಿಯವರೆಗೆ ಪದ್ಯದ ಗೊಡವೆಗೆ ಹೋಗದಿದ್ದ ಸಾಕ್ರಟೀಸ್ ಈಸೋಪನ ಕಥೆಗಳನ್ನು ಪದ್ಯಕ್ಕೆ ತಿರುಗಿಸಿದ. ಅಪೊಲೊವಿನ ಸ್ತುತಿಯೊಂದನ್ನು ರಚಿಸಿದ. ತನ್ನನ್ನು ಉಳಿಸಿದ ಹಬ್ಬದ ದೇವನಿಗೇ ಆ ಸ್ತುತಿ ಎಂಬುದನ್ನು ವ್ಯಾಖ್ಯಾನಕಾರರು ಇನ್ನಷ್ಟು ಒತ್ತಿ ಹೇಳಬೇಕು. ಎ. ಎನ್. ಮೂರ್ತಿರಾಯರ ಅನುವಾದದ ಹೆಸರು ‘ಸಾಕ್ರೆಟೀಸನ ಕೊನೆಯ ದಿನಗಳು’. ಆ ದಿನಗಳನ್ನು ಕೊಟ್ಟದ್ದು ಈ ಹಡಗು.

ಹಾಗೆಂದು ಅಥೆನ್ಸಿನ ನಿಯಮವನ್ನು ಕರುಣೆಯೆಂದು ಹೊಗಳುವುದು ತಪ್ಪಾದೀತು. ಅದು ಶುದ್ಧಿಯ ನಿಯಮ. ಶುದ್ಧಿಗೆ ಮನುಷ್ಯರ ಮೇಲೆ ಪ್ರೀತಿಯಿರಬೇಕೆಂದಿಲ್ಲ. ಡೆಲೋಸಿನ ಜನರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕ್ರಿ.ಪೂ. 426ರಲ್ಲಿ ಅಥೆನ್ಸಿನವರು ದ್ವೀಪವನ್ನು ಶುದ್ಧಗೊಳಿಸಲು ಅಲ್ಲಿನ ಗೋರಿಗಳನ್ನು ಅಗೆಸಿ ತೆಗೆಸಿದರು. ಇನ್ನು ಮುಂದೆ ಅಲ್ಲಿ ಯಾರೂ ಹುಟ್ಟಬಾರದು, ಸಾಯಬಾರದು ಎಂದರು. ಸಾಯುವವರನ್ನೂ ಹೆರುವವರನ್ನೂ ಪಕ್ಕದ ರೆನಿಯಾ ದ್ವೀಪಕ್ಕೆ ಸಾಗಿಸಬೇಕಾಯಿತು. ನಾಲ್ಕು ವರ್ಷದ ಮೇಲೆ ಅಷ್ಟೂ ಸಾಲದೆಂದು ದ್ವೀಪದವರನ್ನೇ ಹೊರಹಾಕಿದರು. ಅವರು ಏಷ್ಯಾದ ಕರೆಯಲ್ಲಿ ಆಡ್ರಮಿಟಿಯಮ್ ಎಂಬಲ್ಲಿ ನೆಲೆ ಹುಡುಕಿದರು. ಮರುವರ್ಷ ಅವರಿಗೆ ಹಿಂದಿರುಗುವ ಅವಕಾಶ ಸಿಕ್ಕಿತಾದರೂ, ಆಡ್ರಮಿಟಿಯಮ್ಮಿನಲ್ಲಿದ್ದಾಗ ಅವರ ಪ್ರಮುಖರಲ್ಲಿ ಕೆಲವರನ್ನು ಪರ್ಷಿಯದ ಅಧಿಕಾರಿಯೊಬ್ಬ ಸ್ನೇಹದ ನೆಪದಲ್ಲಿ ಕರೆದು, ಉಣ್ಣುತ್ತಿದ್ದಾಗ ಕೊಲ್ಲಿಸಿದ ಸಂಗತಿಯನ್ನು ಥುಸಿಡಿಡೀಸ್ ದಾಖಲಿಸಿದ್ದಾನೆ. ದ್ವೀಪದಿಂದ ಭೂಖಂಡದ ಕರೆಗೆ ನಡೆದ ಈ ಪಯಣಕ್ಕೆ ಪ್ಲೇಟೋವಿನಂಥ ಲೇಖಕ ಸಿಗಲಿಲ್ಲ. ಒಂದೇ ಶುದ್ಧಿಯ ಕಲ್ಪನೆ ಒಬ್ಬನಿಗೆ ಮೂವತ್ತು ದಿನ ಕೊಟ್ಟಿತು, ಒಂದು ಊರಿನ ನೆಲ ಕಿತ್ತುಕೊಂಡಿತು. ‘ಫೀಡೋ’ ಓದಿಸುವವರು ಥುಸಿಡಿಡೀಸನ ಆ ಕೆಲವು ಪುಟಗಳನ್ನೂ ಜೊತೆಗೆ ಓದಿಸಬೇಕು. ಇಲ್ಲವಾದರೆ ಹಡಗಿನ ಮಾಲೆ ಮಾತ್ರ ಕಾಣುತ್ತದೆ.

ಇನ್ನು ಕನಸಿನ ಮಾತು. ಹಡಗು ಇಂದೇ ಬಂದೀತೆಂಬ ಕ್ರೀಟೋವಿನ ಎಣಿಕೆಯನ್ನು ಸಾಕ್ರಟೀಸ್ ಒಪ್ಪುವುದಿಲ್ಲ. ಆ ರಾತ್ರಿ ಬಿಳಿಯುಟ್ಟ ಸುಂದರಿಯೊಬ್ಬಳು ಬಂದು, ಮೂರನೆಯ ದಿನ ನೀನು ಫಲವತ್ತಾದ ಫ್ತಿಯಾವನ್ನು ಸೇರುವೆ ಎಂದಳಂತೆ. ಅದು ‘ಇಲಿಯಡ್’ ಕಾವ್ಯದಲ್ಲಿ ಅಕಿಲೀಸ್ ಆಡಿದ ಮಾತಿನ ನೆನಪು: ಟ್ರಾಯ್ ಬಿಟ್ಟು ಹಡಗೇರಿದರೆ, ಕಡಲು ಅನುಕೂಲವಾಗಿದ್ದರೆ, ಮೂರನೆಯ ದಿನ ತನ್ನ ತವರುನೆಲ. ಅಕಿಲೀಸ್ ಆ ಹಡಗನ್ನು ಏರಲೇ ಇಲ್ಲ. ಸೂನಿಯನ್ನಿನಲ್ಲಿ ಒಂದು ಹಡಗು ಗಾಳಿ ಕಾಯುತ್ತಿರುವಾಗ ಸೆರೆಮನೆಯ ಮುದುಕನೊಬ್ಬ ಇನ್ನೊಂದು ಹಡಗಿನಲ್ಲಿ ಮನೆಗೆ ಹೊರಟಿದ್ದಾನೆ.

ಯಾರ ಎಣಿಕೆ ಸರಿಯಾಯಿತೆಂದು ಪ್ಲೇಟೋ ಹೇಳುವುದಿಲ್ಲ. ಒಂದು ಸಂಜೆ ಸೆರೆಮನೆಯಿಂದ ಹೊರಬಂದ ಗೆಳೆಯರಿಗೆ ಹಡಗು ಬಂದ ಸುದ್ದಿ ತಿಳಿಯಿತು. ಮರುದಿನ ಅವರು ಎಂದಿಗಿಂತ ಬೇಗನೆ ಬಂದು ಬಾಗಿಲಲ್ಲಿ ನಿಂತರು.